ಮೂರು ಸಲ ಒತ್ತಬೇಕು

ಬೆಟಗೇರಿಯ ಈ ಓಣಿಯಲ್ಲಿ ಮಗ್ಗದ ಸದ್ದು
ಹತ್ತು ಮನೆಗೆ ಒಂದರಂತೆ ಉಳಿದಿದೆ.
ನನ್ನ ಚೀಲದಲ್ಲಿ ಒಂದು ಉಕ್ಕಿನ ಹಿಡಿಕೆ,
ಅದಕ್ಕೆ ಗಡಿಯಾರದಂಥ ಮುಖ, ಒಂದೇ ಮುಳ್ಳು,
ನಲವತ್ತು ಹಾಳೆ, ಒಂದು ನೀರಿನ ಬಾಟ್ಲಿ.
ಗದಗಿನ ಬಿಸಿಲಿಗೆ ಮೊದಲು ಖಾಲಿಯಾಗುವುದು ಬಾಟ್ಲಿ.

ಮನುಷ್ಯ ಒಳಗೆ ಎಷ್ಟು ಗಟ್ಟಿ ಅಂತ
ಎದೆಗೆ ಕೊಳವೆ ಹಚ್ಚುವ ಮೊದಲೇ
ಮುಷ್ಟಿ ಹೇಳಿಬಿಡುತ್ತದಂತೆ.
ತರಬೇತಿಯಲ್ಲಿ ಡಾಕ್ಟರು ಇಷ್ಟು ಹೇಳಿ
ನೀರು ಕುಡಿದು, ತಿದ್ದಿಕೊಂಡಿದ್ದರು:
'ಹೇಳುತ್ತದೆ ಅಂದರೆ, ಹೇಳಬಹುದು.
ಜನರನ್ನು ಹೆದರಿಸಬೇಡಿ.'

ಗಾದಿ ಹೊಲಿಯುವ ಮಕ್ತುಮಸಾಬರು
ಮೈ ಕೊಡವಿಕೊಂಡು ಬಂದರು; ರೆಪ್ಪೆಯ ಮೇಲೂ ಹತ್ತಿ.
'ಕುಸ್ತಿ ಹಿಡದ ಕೈ ಅಕ್ಕಾರ,
ಮುರದ್ರ ನಾ ಜವಾಬ್ದಾರ ಅಲ್ಲ.'
ಮುಳ್ಳು ಓಡಿತು. ಇಪ್ಪತ್ತೆರಡಕ್ಕೆ ನಿಂತಿತು.
ಅವರು ಮುಳ್ಳು ನೋಡಿದರು, ನನ್ನನ್ನು ನೋಡಿದರು.
'ಮಷೀನು ಹಳೇದೈತಿ.'
'ಹೌದ್ರಿ ಕಾಕಾ. ಇನ್ನೊಮ್ಮೆ ಒತ್ರಿ.'
ಇಪ್ಪತ್ತೊಂದು.
ಮೂರನೇ ಸಲ ಹಲ್ಲು ಕಚ್ಚಿ ಉಸಿರು ಬಿಗಿಹಿಡಿದರು.
ಉಸಿರು ಹಿಡಿಯಬಾರದು ಅಂತ ಹಾಳೆಯಲ್ಲಿದೆ.
ನಾನು ಬಾಯಿ ಬಿಡಲಿಲ್ಲ. ಇಪ್ಪತ್ತಮೂರು.
'ನೋಡ್ರಿ, ಎಂಜಿನ್ ಬಿಸಿ ಆಗಬೇಕು'
ಅಂದು ಮೀಸೆಯಿಂದ ಹತ್ತಿ ತೆಗೆದರು.

ತುಳಜಾಬಾಯಿ ಬಾಕಳೆ, ವಯಸ್ಸು ಅರವತ್ತೇಳು
(ಅವರ ಲೆಕ್ಕದಲ್ಲಿ 'ಅರವತ್ತು, ಮ್ಯಾಲೆ ಒಂದೀಟು').
ಮೊದಲ ಪ್ರಶ್ನೆ: ವಾರಕ್ಕೆ ಎಷ್ಟು ನಿಮಿಷ ವ್ಯಾಯಾಮ?
'ವ್ಯಾಯಾಮ ಅಂದ್ರ?'
'ಮೈ ದಣಿಯೂಹಂಗ ಏನರ ಮಾಡೂದ್ರಿ.'
'ಹಂಗಾರ ಬರಕೋ.
ನಳ ಬರೂದು ವಾರಕ್ಕೊಮ್ಮೆ, ಇಪ್ಪತ್ತು ಕೊಡ, ಹನ್ನೊಂದು ಮೆಟ್ಟಿಲಾ.
ಖಾನಾವಳಿಗೆ ದಿನಾ ಅರವತ್ತು ರೊಟ್ಟಿ.
ಮೂವತ್ತೊಂದು ವರ್ಷ ಕುಣಿಮಗ್ಗದಾಗ ಕಾಲು ಇಳಿಬಿಟ್ಟೀನಿ.
ನಿಮಿಷ ನೀನ ಎಣಿಸು.'
ಹಾಳೆಯಲ್ಲಿ ನಾಲ್ಕು ಚೌಕ.
ಯಾವುದರೊಳಗೂ ರೊಟ್ಟಿ ಹಿಡಿಸಲಿಲ್ಲ.
ಅಂಚಿಗೆ ಸಣ್ಣಕ್ಷರದಲ್ಲಿ ಬರೆದುಕೊಂಡೆ.

ಹಿಡಿಕೆ ಕೊಟ್ಟೆ.
ಪಕ್ಕದ ಮನೆಯ ಬಾಣಂತಿಯ ಸುದ್ದಿ ಹೇಳುತ್ತಲೇ ಒತ್ತಿದರು.
ಇಪ್ಪತ್ತೆಂಟು.
ಮಕ್ತುಮಸಾಬರ ಕಣ್ಣಿಗೆ ಬೀಳದಂತೆ ಹಾಳೆ ಮಡಚಿದೆ.
'ಏನಂತೈತಿ ನಿನ್ನ ಮುಳ್ಳು?'
'ಭಾಳ ಗಟ್ಟಿ ಅದೀರಂತ.'
ಅವರು ನಗಲಿಲ್ಲ. ಅಂಗೈ ತಿರುವಿ
ದೀಪಕ್ಕೆ ಹಿಡಿದಂತೆ ಬೆಳಕಿಗೆ ಹಿಡಿದರು.
'ಹಂಗಾರ ನಡುರಾತ್ರ್ಯಾಗ ಈ ಮೂರು ಬೆರಳು
ಯಾಕ ಜೋಮು ಹಿಡೀತಾವು?
ಕೈ ಜಾಡಿಸಿ ಜಾಡಿಸಿ ಬೆಳಗು ಮಾಡತೀನಿ.'

ಹಾಳೆ ತಿರುವಿದೆ. ಹಿಂದೆ ಮುಂದೆ.
ಇರುಳಿನ ಬಗ್ಗೆ ಒಂದು ಪ್ರಶ್ನೆಯಿತ್ತು:
ಎಷ್ಟು ತಾಸು ನಿದ್ದೆ?
ಯಾಕೆ ಎಚ್ಚರ ಅಂತ ಕೇಳುವ ಜಾಗವಿರಲಿಲ್ಲ.

'ಈಗ ನೀ ಒತ್ತು.'
'ನಂದು ಲೆಕ್ಕಕ್ಕಿಲ್ರಿ.'
'ಒತ್ತು ಅಂದ್ರ ಒತ್ತು.'
ನಲವತ್ನಾಲ್ಕು ವರ್ಷದ ಕೈ. ಹದಿನಾರು.
ಮತ್ತೆ ಹದಿನಾರು. ಮೂರನೆಯದು ಹದಿನೈದೂವರೆ.
ಇಡೀ ಓಣಿ ಅಳೆದು ಬಂದವಳಿಗೆ
ತನ್ನ ಮುಷ್ಟಿಯ ಗುರುತಿರಲಿಲ್ಲ.
'ಮುಂಜಾನೆ ಏನ ತಿಂದಿ?'
'ಚಾ. ಬಿಸ್ಕೀಟು.'
'ಮುಳ್ಳು ಖರೇ ಹೇಳತೈತಿ ಬಿಡು.'

ಬಿಸಿನೀರು ಹೊಯ್ದ ಜೋಳದ ಹಿಟ್ಟು ಮುಂದೆ ತಳ್ಳಿದರು.
'ನಾದು. ಬೆರಳಿಂದಲ್ಲ, ಅಂಗೈ ಬುಡದಿಂದ.'
ನನ್ನ ರೊಟ್ಟಿ ಬಡಿಯುವಾಗಲೇ ಹರಿಯಿತು,
ಹಂಚಿಗೆ ಹಾಕಿದರೆ ಮತ್ತೊಮ್ಮೆ.
ಹರಿದದ್ದಕ್ಕೇ ಶೇಂಗಾ ಚಟ್ನಿ, ಒಂದಿಷ್ಟು ಮೊಸರು.
ತಿಂದೆ. ಇದಕ್ಕೂ ಚೌಕವಿಲ್ಲ.

ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ
ಸುತ್ತ ಕೈಗಳೇ ಕೈಗಳು: ಸುಣ್ಣದವು, ಗ್ರೀಸಿನವು,
ಬಳೆಯವು, ಒಂದಕ್ಕೆ ಹೆಬ್ಬೆರಳೇ ಇಲ್ಲ.
ಎಲ್ಲವಕ್ಕೂ ಮನಸ್ಸಿನಲ್ಲೇ ಅಂಕಿ ಹಚ್ಚುತ್ತಿದ್ದೆ.
ಅಣ್ಣಿಗೇರಿ ದಾಟಿದ ಮೇಲೆ ಬಿಟ್ಟೆ.
ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು.

ಡಾಕ್ಟರಿಗೆ ಫೋನ್ ಮಾಡಿ ಮೂರು ಬೆರಳಿನ ಮಾತು ಹೇಳಿದೆ.
'ಅದು ನಮ್ಮ ಅಧ್ಯಯನದಲ್ಲಿ ಬರುವುದಿಲ್ಲ' ಅಂದರು.
ಸ್ವಲ್ಪ ಹೊತ್ತು ಸುಮ್ಮನಿದ್ದರು.
'ಮಣಿಕಟ್ಟಿನಲ್ಲಿ ನರ ಅದುಮಿರಬಹುದು. ನೋಡದೆ ಹೇಳಲಾರೆ.
ಮಲಗುವಾಗ ಕೈ ಮಡಚಿಕೊಳ್ಳದಿರಲು ಹೇಳಿ.
ಬುಧವಾರ ಕರೆದುಕೊಂಡು ಬನ್ನಿ.'

'ಗುರುವಾರ ಮಾಡ್ರಿ ಸರ್' ಅಂದೆ.
'ಬುಧವಾರ ಅವರಿಗೆ ನಳ ಬರತದ.'